ಆರು ತಿಂಗಳ ಕೂಸು, ಏಪ್ರಿಲ್ ಬಿಸಿಲು: ನೀರು, ಮೊದಲ ಊಟ, ಕೂಡೋದು

ಕೂಸಿನಮನಿ, ಕಲಬುರಗಿ

ಮುಂದಿನ ವಾರ ಮಗಳಿಗೆ ಆರು ತಿಂಗಳು ತುಂಬತಾವ. ತೂಕ 6.9 ಕಿಲೋ, ಇಲ್ಲಿ ತನ ಬರೇ ಎದಿಹಾಲು. ನಾಕು ಮಾತು ಕೇಳೋದದ. ಇಂಥಾ ಬಿಸಿಲಾಗ ನೀರು ಯಾವಾಗ ಸುರು ಮಾಡಬೇಕು, ಎಷ್ಟು? ಮೊದಲ ಊಟ ಏನು ಕೊಡಬೇಕು? ಹಿರ್ಯಾರು ಬ್ಯಾಳಿ ಕಟ್ಟು ಅಂತಾರ, ಕೆಲವರು ಜ್ವಾಳದ ಅಂಬಲಿ ಅಂತಾರ, ಮೆಡಿಕಲ್‌ದಾಗ ಡಬ್ಬಿ ತೋರಸ್ತಾರ. ಕೈ ಬಿಟ್ರ ಒಂದ ಕಡಿ ವಾಲತಾಳ, ಇನ್ನೂ ಕೂಡೋದಿಲ್ಲ, ಇದು ತಡ ಏನು? ಕಡೀಗೆ ವಾಕರ್ ತರಬೇಕೋ ಬ್ಯಾಡೋ. ಗೊತ್ತಿದ್ದವರು ಅಳತಿ ಸಮೇತ ಹೇಳ್ರಿ.

ಭೀಮಾತೀರ_ಸಿಸ್ಟರ್

ನೀರಿಂದು ಮೊದಲು ಹೇಳ್ತೀನಿ, ಬ್ಯಾಸಗ್ಯಾಗ ಹೆಚ್ಚು ತಪ್ಪು ಆಗೋದು ಅಲ್ಲೇ.

180 ದಿನ ತುಂಬೋ ತನ ಒಂದು ಹನಿ ನೀರೂ ಬ್ಯಾಡ. ಎದಿಹಾಲಿನಾಗ ನೂರಕ್ಕ 87-88 ಭಾಗ ನೀರೇ ಅದ. ಹೊರಗ 42-43 ಡಿಗ್ರಿ ಇದ್ರೂ ಅದು ಸಾಕಾಗ್ತದ, ಎದಿಗೆ ಹಚ್ಚೋ ಸಲ ಮಾತ್ರ ಹೆಚ್ಚು ಮಾಡಬೇಕು. ನೀರು ಕುಡಿದು ಹೊಟ್ಟಿ ತುಂಬಿದ ಕೂಸು ಹಾಲು ಕಡಿಮಿ ಎಳೀತದ. ಎಳಿಯೋದು ಕಡಿಮಿ ಆದ್ರ ತಾಯಿಗೆ ಹಾಲು ಬರೋದೂ ಕಡಿಮಿ ಆಗ್ತದ. ಸಾಕಾಗ್ಯಾದೋ ಇಲ್ಲೋ ಅಂತ ಉಚ್ಚಿ ನೋಡಿ ತಿಳ್ಕೋರಿ: ಒಂದು ಹಗಲು ಒಂದು ರಾತ್ರಿಗೆ ಆರು ಸಲಕ್ಕ ಕಡಿಮಿ ಇರಬಾರದು, ಬಣ್ಣ ತಿಳಿ ಇರಬೇಕು. ಲಂಗೋಟಿ ಮ್ಯಾಲ ದಟ್ಟ ಹಳದಿ ಕಲಿ ಬಿದ್ರ ಹಾಲು ಕಮ್ಮಿ ಬಿದ್ದದ ಅಂತ ಅರ್ಥ.

ಊಟ ಸುರು ಆದ ದಿನದಿಂದ ನೀರೂ ಸುರು ಮಾಡ್ರಿ. ಊಟದ ನಡುವ ಎರಡು ಮೂರು ಗುಟುಕು, ಊಟ ಆದಮ್ಯಾಲ ಎರಡು ಗುಟುಕು. ಎಲ್ಲಾ ಸೇರಿ ದಿನಕ್ಕ 120ರಿಂದ 240 ಮಿ.ಲೀ. ಒಳಗ. ಊಟಕ್ಕ ಮೊದಲು ನೀರು ಕುಡಿಸಿದ್ರ ಊಟ ಹೋಗಂಗಿಲ್ಲ. ಸಣ್ಣ ಸ್ಟೀಲ್ ಬಟ್ಟಲದಾಗ ಇಲ್ಲಾ ಚಮಚದಾಗ ಕುಡಸ್ರಿ, ಬಾಟ್ಲಿ ಬ್ಯಾಡ. ಬಾಟ್ಲಿ ನಿಪ್ಪಲ್ ಒಳಗಿನ ಸಂದಿ ಎಷ್ಟು ತಿಕ್ಕಿದ್ರೂ ಪೂರಾ ಸ್ವಚ್ಛ ಆಗೋದಿಲ್ಲ, ಈ ಸೆಕಿಗೆ ಅಲ್ಲೇ ಕ್ರಿಮಿ ಬೆಳೀತಾವ.

ನೀರು ಗುಳುಗುಳು ಕುದ್ದಮ್ಯಾಲ ಒಂದು ನಿಮಿಷ ಬಿಟ್ಟು ಇಳಸ್ರಿ, ಮುಚ್ಚಿಟ್ಟು ಆರಿಸಿ ಅದೇ ದಿನ ಖರ್ಚು ಮಾಡ್ರಿ. ಆದ್ರ ಕುದಿಸೋದ್ರಿಂದ ಕ್ರಿಮಿ ಅಷ್ಟೇ ಸಾಯ್ತಾವ. ಯಾದಗಿರಿ, ಕಲಬುರಗಿ ಕಡಿ ಭಾಳ ಊರಿನ ಬೋರ್ ನೀರಿನಾಗ ಫ್ಲೋರೈಡ್, ನೈಟ್ರೇಟ್ ಇರ್ತಾವ. ಅವು ಕುದಿಸಿದ್ರ ಹೋಗಂಗಿಲ್ಲ, ನೀರು ಇಂಗಿದಷ್ಟು ಇನ್ನೂ ದಟ್ಟ ಆಗ್ತಾವ. ಅಂಥಾ ಊರಾಗ ಶುದ್ಧ ನೀರಿನ ಘಟಕದ ನೀರು ತಂದು, ಅದನ್ನ ಕುದಿಸಿ ಕೂಸಿಗೆ ಕೊಡ್ರಿ. ಘಟಕದ ನೀರು ಯಾಕ ಮತ್ತ ಕುದಿಸಬೇಕು ಅಂದ್ರ, ಮಷೀನ್ ಚಂದ ಇದ್ರೂ ನಾವು ತರೋ ಕ್ಯಾನ್ ಸ್ವಚ್ಛ ಇರಂಗಿಲ್ಲ.

ತೊಗರಿಕಣಜ

ಮೊದಲ ಊಟಕ್ಕ ಎಲ್ಲಾರೂ ‘ಏನು’ ಅಂತ ಕೇಳ್ತಾರ. ಖರೇ ನೋಡಬೇಕಾದದ್ದು ಎಷ್ಟು ಗಟ್ಟಿ ಅದ ಅನ್ನೋದು.

ಈ ವಯಸ್ಸಿನಾಗ ಕೂಸಿನ ಹೊಟ್ಟಿ ತೂಕದ ಕಿಲೋಕ್ಕ ಸುಮಾರು 30 ಮಿ.ಲೀ. ಹಿಡೀತದ. ನಿಮ್ಮ ಮಗಳಿಗೆ 200 ಮಿ.ಲೀ. ಅಂತ ತಿಳ್ಕೋರಿ. ಆರರಿಂದ ಎಂಟು ತಿಂಗಳ ತನ ಎದಿಹಾಲು ಬಿಟ್ಟು ದಿನಕ್ಕ ಸುಮಾರು 200 ಕ್ಯಾಲರಿ ಊಟದಿಂದ ಬರಬೇಕು. ಬ್ಯಾಳಿ ಕಟ್ಟು, ಅನ್ನದ ಗಂಜಿ ತಿಳಿ, ನೀರು ಅಂಬಲಿ ಕೊಟ್ರ ಹೊಟ್ಟಿ ತುಂಬತದ, ಕೂಸು ಮಲಗತದ, ಮನ್ಯಾಗ ಎಲ್ಲಾರಿಗೂ ಸಮಾಧಾನ. ಆದ್ರ ಒಳಗ ಹೋದದ್ದು ನೀರು. ಎರಡು ತಿಂಗಳಿಗೆ ತಾಯಿ ಕಾರ್ಡಿನಾಗ ತೂಕದ ಗೆರಿ ಅಡ್ಡ ಬೀಳ್ತದ, ಅಂದ್ರ ತೂಕ ಏರೋದು ನಿಲ್ತದ. ಬ್ಯಾಳಿ ಕಟ್ಟಿನಾಗ ಸತ್ವ ಅದ ಅನ್ನೋದು ನಮ್ಮ ಕಡಿ ಗಟ್ಟಿ ನಂಬಿಕಿ. ಸತ್ವ ಇರೋದು ಕೆಳಗ ಕುಂತ ಬ್ಯಾಳ್ಯಾಗ.

ಪರೀಕ್ಷಾ ಸರಳ ಅದ: ಚಮಚ ತುಂಬಿ ಓರಿ ಮಾಡ್ರಿ. ಸರ್ರನೆ ಸುರದ್ರ ತಿಳಿ ಆಗ್ಯಾದ. ಹಿಡ್ಕೊಂಡು ನಿಂತು ಆಮ್ಯಾಲ ಮುದ್ದಿಯಾಗಿ ಬಿದ್ರ ಸರಿ ಅದ.

ಒಂದು ಹೊತ್ತಿನ ಅಳತಿ: ಅಕ್ಕಿ ಒಂದು ದೊಡ್ಡ ಚಮಚ, ಹೆಸರ ಬ್ಯಾಳಿ ಇಲ್ಲಾ ತೊಗರಿ ಬ್ಯಾಳಿ ಅರ್ಧ ದೊಡ್ಡ ಚಮಚ. ತೊಳದು ಅರ್ಧ ತಾಸು ನೆನಸ್ರಿ. ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ 100 ಮಿ.ಲೀ. ನೀರು ಬಿಟ್ಟು, ಮುಚ್ಚಿ, ಮನಿಗೆ ಅನ್ನ ಇಡೋ ಕುಕ್ಕರಿನಾಗೇ ಇಡ್ರಿ. ನಾಕೈದು ಸೀಟಿ ಆಗಬೇಕು. ಬಿಸಿ ಇದ್ದಾಗ ಚಮಚದ ಬೆನ್ನಿಲೆ ನುರೀರಿ, ಅರ್ಧ ಸಣ್ಣ ಚಮಚ ತುಪ್ಪ ಇಲ್ಲಾ ಶೇಂಗಾ ಎಣ್ಣಿ ಹಾಕ್ರಿ. ಉಪ್ಪು, ಸಕ್ಕರಿ ಎರಡೂ ಬ್ಯಾಡ, ಒಂದು ವರ್ಷದ ತನ. ಮಿಕ್ಸರ್‌ಗೆ ಹಾಕಬ್ಯಾಡ್ರಿ. ಆರನೇ ತಿಂಗಳಿಗೆ ನುಣ್ಣಗ ನುರಿದದ್ದು, ಎಂಟಕ್ಕ ಸಣ್ಣ ಗಂಟು, ಒಂಬತ್ತು-ಹತ್ತಕ್ಕ ಕೈಲೆ ಹಿಡಿಯೋ ಮೆತ್ತನ್ನ ತುಂಡು. ಒಂಬತ್ತು-ಹತ್ತು ತಿಂಗಳು ದಾಟೂ ತನ ಗಂಟು ನಾಲಗಿಗೆ ತಾಕದಿದ್ರ, ಮುಂದ ಅಗಿಯೋದೇ ಬ್ಯಾಡ ಅಂತಾವ.

ಮೊದಲ ದಿನ ಎರಡು ಮೂರು ಚಮಚ, ಒಂದೇ ಹೊತ್ತು. ವಾರದಾಗ ಎರಡು ಹೊತ್ತು. ಎಂಟನೇ ತಿಂಗಳ ಸುಮಾರಿಗೆ 250 ಮಿ.ಲೀ. ಬಟ್ಟಲದಾಗ ಅರ್ಧ, ದಿನಕ್ಕ ಎರಡು ಮೂರು ಸಲ. ಒಂಬತ್ತರಿಂದ ಹನ್ನೊಂದರ ತನ ಅರ್ಧ ಬಟ್ಟಲು, ಮೂರು ನಾಕು ಸಲ, ನಡುವ ಒಂದೆರಡು ಸಲ ಹಣ್ಣು ಇಲ್ಲಾ ಮೊಸರು. ವರ್ಷ ಆದಮ್ಯಾಲ ಮುಕ್ಕಾಲರಿಂದ ಒಂದು ಬಟ್ಟಲು. ಎದಿಹಾಲು ಇದರ ಜೋಡಿ ನಡೀಲಿ, ಎರಡು ವರ್ಷದ ತನ.

ಕೂಸಿನಮನಿ, ಕಲಬುರಗಿ

ಮತ್ತ ಜ್ವಾಳ? ಮನ್ಯಾಗ ಮೂರು ಹೊತ್ತೂ ಜ್ವಾಳನೇ. ಮೊಳಕಿ ಕಟ್ಟಿ ಹಿಟ್ಟು ಮಾಡಿದ್ರ ಭಾಳ ಛಲೋ ಅಂತ ಕೇಳೀನಿ.

ತೊಗರಿಕಣಜ

ಜ್ವಾಳ ಬೇಕು, ಜ್ವಾಳದ ಮೊಳಕಿ ಬ್ಯಾಡ. ಎಳಿ ಜ್ವಾಳದ ಪೈರು ಮೇದ ದನ ಸಾಯ್ತದ ಅಂತ ರೈತರಿಗೆ ಗೊತ್ತದಲಾ, ಆ ಸೈನೈಡ್ ಹುಟ್ಟಿಸೋ ವಸ್ತು ಮೊಳಕ್ಯಾಗೂ ಇರ್ತದ. ಒಣ ಕಾಳಿನಾಗ ಅದರ ಕಾಟ ಇಲ್ಲ. ಮೊಳಕಿ ತಿಕ್ಕಿ ತಗದು, ಒಣಗಿಸಿ, ಹುರದ್ರ ಕಡಿಮಿ ಆಗ್ತದ ಖರೆ, ಆದ್ರ ಎಷ್ಟು ಉಳದದ ಅಂತ ಮನ್ಯಾಗ ಅಳಿಯೋಕ ಬರಂಗಿಲ್ಲ. ಕೂಸಿನ ವಿಷಯದಾಗ ಅಂದಾಜು ಬ್ಯಾಡ.

ಮೊಳಕಿ ಹಿಟ್ಟು ಬೇಕಂದ್ರ ಸಜ್ಜಿ ಇಲ್ಲಾ ಹೆಸರು ತಗೋರಿ. 12 ತಾಸು ನೆನಸಿ, ಒದ್ದಿ ಅರಿವ್ಯಾಗ ಕಟ್ಟಿ 24ರಿಂದ 36 ತಾಸು ಇಡ್ರಿ. ಈ ಸೆಕಿಗೆ ಬೂಸ್ಟ ಬೇಗ ಬರ್ತದ, ದಿನಕ್ಕ ಎರಡು ಮೂರು ಸಲ ತೊಳದು ಕಟ್ರಿ. ಅಂಟು ಅಂಟಾದ್ರ, ಹುಳಿ ವಾಸನಿ ಬಂದ್ರ ಚೆಲ್ರಿ. ನೆಳ್ಳಿನಾಗ ಒಣಗಿಸಿ ಹಗರ್ಕ ಬಿಸಿ ಮಾಡಿ ಬೀಸಸ್ರಿ. ಕೆಂಪಗ ಹುರದ್ರ ಮೊಳಕಿ ಕಟ್ಟಿದ್ದೇ ದಂಡ. ಗಟ್ಟಿ ಗಂಜಿ ಮಾಡಿ, ಕುದಿ ಇಳಿದು ಇನ್ನೂ ಬಿಸಿ ಇದ್ದಾಗ ಒಂದು ಸಣ್ಣ ಚಮಚ ಈ ಹಿಟ್ಟು ಕಲಸ್ರಿ. ಎರಡು ನಿಮಿಷದಾಗ ಕಣ್ಣ ಮುಂದ ಗಂಜಿ ಸಡ್ಲ ಆಗ್ತದ, ಯಾಕಂದ್ರ ಮೊಳಕ್ಯಾಗಿನ ಕಿಣ್ವ ಗಂಜಿಯ ಪಿಷ್ಟ ಮುರೀತದ. ಆಮ್ಯಾಲ ಮತ್ತೊಂದು ಕುದಿ ತಗೀರಿ. ನೀರು ಬೆರಸದ ನುಂಗಾಕ ಹಗೂರ ಆಗ್ತದ, ಸತ್ವ ಅಷ್ಟೇ ಉಳೀತದ. ತೂಕ ಕಡಿಮಿ ಇದ್ದ ಕೂಸಿಗೆ ಇದರಷ್ಟು ಉಪಯೋಗದ ಉಪಾಯ ಅಡಗಿಮನ್ಯಾಗ ಮತ್ತೊಂದಿಲ್ಲ.

ಬರೇ ಜ್ವಾಳದ ಗಂಜಿಗೆ: ಹುರದ ಜ್ವಾಳದ ಹಿಟ್ಟು ಎರಡು ದೊಡ್ಡ ಚಮಚ. ಮೊದಲು ತಣ್ಣೀರಿನಾಗ ಕದಡ್ರಿ, ಬಿಸಿನೀರಿಗೆ ಹಾಕಿದ್ರ ಗಂಟು ಕಟ್ಟತದ. ಎಲ್ಲಾ ಸೇರಿ 150 ಮಿ.ಲೀ. ನೀರು, ಸಣ್ಣ ಉರಿ ಮ್ಯಾಲ ಕೈ ಬಿಡದ 8-10 ನಿಮಿಷ. ಆರಿದ ಮ್ಯಾಲ ಇನ್ನೂ ಗಟ್ಟಿ ಆಗ್ತದ, ಅದನ್ನ ನೆನಪಿಟ್ಟು ಇಳಸ್ರಿ. ಬೆಂದ ತೊಗರಿ ಬ್ಯಾಳಿ ಒಂದು ದೊಡ್ಡ ಚಮಚ ನುರಿದು ಕೂಡಸ್ರಿ. ಜ್ವಾಳದಾಗ ಲೈಸೀನ್ ಅನ್ನೋ ಪ್ರೋಟೀನಿನ ಅಂಶ ಕಡಿಮಿ, ಬ್ಯಾಳ್ಯಾಗ ಅದು ಹೇರಳ ಅದ. 2019ರಾಗ ಜಿಐ ಮುದ್ರಿ (ಈ ನೆಲದ್ದೇ ಬೆಳಿ ಅನ್ನೋ ಸರ್ಕಾರಿ ಗುರುತು) ಪಡದ ನಮ್ಮ ತೊಗರಿ ಮನ್ಯಾಗ ಇರಬೇಕಾದ್ರ ದುಬಾರಿ ಡಬ್ಬಿ ಯಾಕ?

ಮಜ್ಜಿಗಿ ಹಾಕಿ ಹುಳಿ ಬರಿಸಿದ ಅಂಬಲಿ ದೊಡ್ಡವರಿಗೆ ಛಲೋ. ಕೂಸಿಗೆ ಅದು ತಿಳಿ, ಉಪ್ಪೂ ಇರ್ತದ. ರೊಟ್ಟಿ ಎಂಟು-ಒಂಬತ್ತು ತಿಂಗಳಿಗೆ ಕೊಡಬಹುದು: ಬಿಸಿ ರೊಟ್ಟಿ ಮೆತ್ತನ್ನ ನಡುವಿನ ಭಾಗ ಖಾರ ಹಾಕದ ಬ್ಯಾಳ್ಯಾಗ ಹತ್ತು ನಿಮಿಷ ನೆನಸಿ ನುರೀರಿ. ಕಟಿ ರೊಟ್ಟಿ ಕೈಯಾಗ ಕೊಡಬ್ಯಾಡ್ರಿ, ಚೂರು ಗಂಟಲಾಗ ಸಿಗತದ.

ಸುರಪುರ_ಸೊಸಿ

ಜೇನು, ಆಕಳ ಹಾಲು, ತತ್ತಿ, ಶೇಂಗಾ ಇವು?

ತೊಗರಿಕಣಜ

ಜೇನು ವರ್ಷದ ತನ ಪೂರಾ ಬಂದ್. ಅದರಾಗ ಬೊಟುಲಿಸಮ್ ಅನ್ನೋ ನರ ಸಡ್ಲ ಮಾಡೋ ರೋಗದ ಬೀಜಕಣ ಇರಬಹುದು, ಸಣ್ಣ ಕೂಸಿನ ಕರುಳು ಅದನ್ನ ತಡಿಯಂಗಿಲ್ಲ. ಆಕಳ ಹಾಲು, ಎಮ್ಮಿ ಹಾಲು ಕುಡಿಯೋ ಹಾಲಂತ ವರ್ಷದ ತನ ಬ್ಯಾಡ, ಊಟದಾಗ ಒಂದಿಷ್ಟು ಬೆರಸಿದ್ರ ಅಡ್ಡಿಯಿಲ್ಲ, ಮೊಸರೂ ನಡೀತದ. ತತ್ತಿ ಆರು ತಿಂಗಳಿಂದಲೇ, ಗಟ್ಟಿ ಬೇಯಿಸಿ, ಹಳದಿ ಬಿಳಿ ಎರಡೂ. ಶೇಂಗಾ ಇಡೀ ಕಾಳು ನಾಕೈದು ವರ್ಷದ ತನ ಬ್ಯಾಡ. ಹುರದು ನುಣ್ಣಗ ಪುಡಿ ಮಾಡಿ ಗಂಜ್ಯಾಗ ಕಲಸ್ರಿ, ಖಾರದ ಶೇಂಗಾ ಹಿಂಡಿ ಅಲ್ಲ. ಹೊಸ ಪದಾರ್ಥ ಒಂದೊಂದೇ, ನಡುವ ಎರಡು ಮೂರು ದಿನ ಬಿಟ್ಟು, ಮುಂಜಾನಿ ಹೊತ್ತಿನಾಗ ಕೊಡ್ರಿ. ಮೈ ಮ್ಯಾಲ ದದ್ದು, ತುಟಿ ಬಾವು, ವಾಂತಿ ಆದ್ರ ಹಗಲಿನಾಗೇ ಗೊತ್ತಾಗ್ತದ, ದವಾಖಾನಿ ತೆರದಿರ್ತದ.

ಕಬ್ಬಿಣಾಂಶದ ಕೊರತಿ ಈಗಿಂದಲೇ ಸುರು ಆಗ್ತದ, ಹುಟ್ಟುವಾಗ ತಂದ ದಾಸ್ತಾನು ಆರು ತಿಂಗಳಿಗೆ ತೀರತದ. ತತ್ತಿ, ನುರಿದ ಮಟನ್ ಇಲ್ಲಾ ಕಾಳಜ, ತಿನ್ನದ ಮನ್ಯಾಗ ಹೆಸರಕಾಳು, ರಾಜಗಿರಿ ಪಲ್ಯ. ಕಾಳು ಪಲ್ಯದ ಮ್ಯಾಲ ನಾಕು ಹನಿ ಲಿಂಬಿ ಹಿಂಡ್ರಿ, ಕಬ್ಬಿಣ ಮೈಗೆ ಹತ್ತತದ. ಚಹಾದಾಗ ಬಿಸ್ಕಿಟ್ ಅದ್ದಿ ಕೊಡೋ ರೂಢಿ ನಮ್ಮ ಕಡಿ ಅದ. ಚಹಾದ ಒಗರು ಆ ಕಬ್ಬಿಣನ್ನೇ ಕಟ್ಟಿ ಹಾಕತದ. ಒಂದು ಚಮಚ ಚಹಾನೂ ಬ್ಯಾಡ.

ಭೀಮಾತೀರ_ಸಿಸ್ಟರ್

ಬಿಸಿಲಿಂದು ಇನ್ನೊಂದು. ಈ ತಿಂಗಳಾಗ ಬೆಂದ ಊಟ ಹೊರಗ ಒಂದು ತಾಸಿನ ಮ್ಯಾಲ ಇಡಬ್ಯಾಡ್ರಿ. ಮುಂಜಾನಿ ಮಾಡಿದ್ದು ಮಧ್ಯಾಹ್ನ ಕೊಡೋದೇ ಭೇದಿಗೆ ದಾರಿ. ಎಂಜಲು ಚಮಚ ಹಾಕಿದ ಬಟ್ಟಲದಾಗಿಂದು ಎತ್ತಿಡಬ್ಯಾಡ್ರಿ. ಕರೆಂಟ್ ಹೋಗಿ ಬಂದು ಮಾಡೋ ಕಡಿ ಫ್ರಿಜ್ ನಂಬಬ್ಯಾಡ್ರಿ. ಹಸಿವು ತಂಪಿನಾಗ ಇರ್ತದ, ದೊಡ್ಡ ಊಟ ಮುಂಜಾನಿ ಏಳೆಂಟಕ್ಕ ಮತ್ತ ಸಂಜಿ ಏಳಕ್ಕ ಇಡ್ರಿ. ಮಧ್ಯಾಹ್ನ ನುರಿದ ಬಾಳಿಹಣ್ಣು, ಎದಿಹಾಲು ಸಾಕು.

ಭೇದಿ ಸುರು ಆದ್ರ ಓಆರ್‌ಎಸ್. ಒಂದು ಲೀಟರಿನ ಪುಡಿ ಪೂರಾ ಒಂದು ಲೀಟರಿಗೇ ಕಲಸ್ರಿ. ಅರ್ಧ ಪಾಕೀಟು ಅಂದಾಜಿಲೆ ಲೋಟಕ್ಕ ಹಾಕಿದ್ರ ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯ, ನೀರು ಹೆಚ್ಚಾದ್ರ ಗುಣ ಇಲ್ಲ. ಪ್ರತಿ ಭೇದಿಗೆ 50ರಿಂದ 100 ಮಿ.ಲೀ., ಚಮಚ ಚಮಚ. ವಾಂತಿ ಆದ್ರ ಹತ್ತು ನಿಮಿಷ ತಡದು ಮತ್ತ ಸುರು ಮಾಡ್ರಿ. 24 ತಾಸಿಗೆ ಉಳದದ್ದು ಚೆಲ್ರಿ. ಜೋಡಿ ಝಿಂಕ್ 20 ಮಿ.ಗ್ರಾಂ. ಗುಳಿಗಿ ಒಂದು ಚಮಚ ಎದಿಹಾಲಿನಾಗ ಕರಗಿಸಿ ದಿನಕ್ಕ ಒಂದು, 14 ದಿನ, ಭೇದಿ ನಿಂತ ಮ್ಯಾಲೂ ಬಿಡಬ್ಯಾಡ್ರಿ. ಅಂಗಡ್ಯಾಗ ಹಣ್ಣಿನ ಚಿತ್ರ ಇರೋ ಸಿಹಿ ಡಬ್ಬಿ ತರಬ್ಯಾಡ್ರಿ, ಅದರಾಗ ಸಕ್ಕರಿ ಹೆಚ್ಚು, ಭೇದಿ ಏರತದ. ಪಾಕೀಟಿನ ಮ್ಯಾಲ ಡಬ್ಲ್ಯುಎಚ್‌ಒ ಸೂತ್ರ ಅಂತ ಇರಬೇಕು. ಕಣ್ಣು ಒಳಗ ಹೋದ್ರ, ಆರು ತಾಸು ಉಚ್ಚಿ ಇಲ್ಲಂದ್ರ, ರಕ್ತ ಬಿದ್ರ, ಕುಡಿಯಾಕ ಬಾಯಿ ತೆಗಿಯದ ಜೋಲು ಬಿದ್ರ ಮನ್ಯಾಗ ಕುಂದರಬ್ಯಾಡ್ರಿ, ಹೊಂಡ್ರಿ.

ಫರಸಿ_ಫಿಜಿಯೊ

ಕೂಡೋ ವಿಷಯ. ಆರು ತಿಂಗಳಿಗೆ ಆಧಾರ ಕೊಟ್ಟರೆ ಕೂಡಬೇಕು, ಅಷ್ಟೆ. ವಾಲುವುದು ತಡ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಧಾರವಿಲ್ಲದೆ ಕೂಡುವುದು 3.8ರಿಂದ 9.2 ತಿಂಗಳ ನಡುವೆ ಯಾವಾಗ ಬಂದರೂ ಸರಿ. ತಾನೇ ನಡೆಯುವುದಕ್ಕೆ 8.2ರಿಂದ 17.6 ತಿಂಗಳು. ಅಂಬೆಗಾಲು ಇಡದೆಯೇ ಎದ್ದು ನಡೆಯುವ ಮಕ್ಕಳೂ ಇದ್ದಾರೆ, ಅದೊಂದನ್ನೇ ಹಿಡಿದು ಗಾಬರಿ ಬೇಡ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಾದರೆ ಅಷ್ಟು ವಾರ ಕಳೆದು ವಯಸ್ಸು ಲೆಕ್ಕ ಹಾಕಿ: ಎರಡು ತಿಂಗಳು ಮೊದಲು ಹುಟ್ಟಿದ ಆರು ತಿಂಗಳ ಕೂಸು ಈ ಲೆಕ್ಕಕ್ಕೆ ನಾಲ್ಕು ತಿಂಗಳದು.

ಏನು ಮಾಡಬೇಕು ಅಂದರೆ, ನೆಲಕ್ಕೆ ಬಿಡಿ. ನಮ್ಮ ಮನೆಗಳ ಶಹಾಬಾದಿ ಫರಸಿ ಬೇಸಿಗೆಗೆ ತಂಪು, ಆದರೆ ನುಣುಪು. ಬರೀ ಫರಸಿಯ ಮೇಲೆ ಮೊಣಕಾಲು ಜಾರುತ್ತದೆ, ಕೂಸು ತಳ್ಳಿದಷ್ಟೂ ಕಾಲು ಹಿಂದಕ್ಕೆ ಹೋಗುತ್ತದೆ, ಬೇಸತ್ತು ಅಳುತ್ತದೆ. ಮೇಲೊಂದು ಕೌದಿಯನ್ನು ನಾಲ್ಕೂ ಕಡೆ ಎಳೆದು ಹಾಸಿ. ಕೌದಿಯ ಹೊಲಿಗೆಯ ಏರು ಬೆರಳಿಗೂ ಮೊಣಕಾಲಿಗೂ ಹಿಡಿತ ಕೊಡುತ್ತದೆ. ಕಾಲಿಗೆ ಸಾಕ್ಸ್ ಬೇಡ. ಹಾಲು ಕುಡಿದು ಅರ್ಧ ತಾಸಿನ ನಂತರ ಹೊಟ್ಟೆ ಮೇಲೆ ಮಲಗಿಸಿ, ಮೂರರಿಂದ ಐದು ನಿಮಿಷ, ದಿನಕ್ಕೆ ಐದಾರು ಸಲ. ಆಮೇಲೆ ಕೂಡಿಸಿ ಎರಡೂ ಅಂಗೈ ಮುಂದೆ ನೆಲಕ್ಕೆ ಊರಿಸಿ, ಸೊಂಟದ ಹತ್ತಿರ ಹಿಡಿಯಿರಿ. ಕಂಕುಳಲ್ಲಿ ಹಿಡಿದರೆ ಬೆನ್ನು ಕೆಲಸ ಮಾಡುವುದಿಲ್ಲ. ಬಟ್ಟಲು, ಚಮಚ ಏನಾದರೂ ಒಂದನ್ನು ಮೊದಲು ಎದುರಿಗೆ, ಕೈ ಗಟ್ಟಿಯಾದ ಮೇಲೆ ಪಕ್ಕಕ್ಕೆ ಇಡಿ. ಪಕ್ಕಕ್ಕೆ ಕೈ ಚಾಚಿ ಬೀಳದೆ ತಿರುಗಿ ಬಂದರೆ ಕೂಡುವುದು ಬಂತು ಎಂದೇ ಲೆಕ್ಕ. ಸುತ್ತ ದಿಂಬು ಒತ್ತಿ ತಾಸುಗಟ್ಟಲೆ ಕೂಡಿಸುವುದರಿಂದ ಏನೂ ಕಲಿಯುವುದಿಲ್ಲ. ಎಚ್ಚರ ಇರುವಾಗ ತೊಟ್ಟಿಲು, ಜೋಳಿಗೆ ಕೂಡ ಹಾಗೆಯೇ.

ವಾಕರ್ ತರಬೇಡಿ. ತುದಿಗಾಲ ಮೇಲೆ ತಳ್ಳುವ ಅಭ್ಯಾಸ ಆಗುತ್ತದೆ, ನಡಿಗೆ ಬೇಗ ಬರುವುದಿಲ್ಲ, ಒಲೆಯ ಹತ್ತಿರ, ಮೆಟ್ಟಿಲಿನ ಹತ್ತಿರ ಕ್ಷಣದಲ್ಲಿ ಹೋಗಿಬಿಡುತ್ತದೆ.

ತೋರಿಸಲೇಬೇಕಾದದ್ದು: ನಾಲ್ಕೈದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಹತ್ತು ತಿಂಗಳಿಗೂ ಕೂಡದಿದ್ದರೆ, ಹದಿನೆಂಟಕ್ಕೂ ನಡೆಯದಿದ್ದರೆ, ವರ್ಷದ ಒಳಗೇ ಒಂದೇ ಕೈ ಬಳಸುತ್ತಿದ್ದರೆ, ಬಂದ ವಿದ್ಯೆ ಹಿಂದೆ ಹೋದರೆ. ‘ಅವರಪ್ಪನೂ ತಡವಾಗಿ ನಡೆದಿದ್ದ’ ಎಂದು ಕಾಯಬೇಡಿ.

ಕಾರಂಜಾ_ಬೀದರ್

ಇದೇ ಜೋಡಿ ಒಂದು ಕೇಳ್ತೀನಿ. 14 ತಿಂಗಳ ಕೂಸು. ಮನ್ಯಾಗ ಕನ್ನಡ, ಆಯಿ ಜೋಡಿ ಮರಾಠಿ, ಓಣ್ಯಾಗ ದಖನಿ ಉರ್ದು. ಎರಡು ಮೂರೇ ಮಾತು ಬರ್ತಾವ. ಒಂದೇ ಭಾಷಾ ಮಾತಾಡ್ರಿ ಅಂತ ಎಲ್ಲಾರೂ ಹೇಳ್ತಾರ.

ಫರಸಿ_ಫಿಜಿಯೊ

ಯಾವ ಭಾಷೆಯನ್ನೂ ನಿಲ್ಲಿಸಬೇಡಿ, ಹೆಚ್ಚು ಭಾಷೆಯಿಂದ ಮಾತು ತಡ ಆಗುವುದಿಲ್ಲ. ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ. ನೀರಿಗೆ ಒಮ್ಮೆ ‘ಪಾಣಿ’, ಒಮ್ಮೆ ‘ನೀರು’ ಅಂದರೆ ಅದು ಎರಡು ಪದ. ವರ್ಷದ ಹೊತ್ತಿಗೆ ಅರ್ಥ ಇಟ್ಟು ಒಂದೆರಡು, ಎರಡು ವರ್ಷಕ್ಕೆ ಎರಡು ಪದ ಜೋಡಿಸಿ ‘ಅವ್ವ ಬಾ’ ಅನ್ನಬೇಕು. ಹೆಸರು ಕರೆದರೆ ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳು ತೋರಿಸುತ್ತದೆಯೇ ನೋಡಿ. ಇವೆರಡೂ ಇಲ್ಲದಿದ್ದರೆ ಈಗಲೇ ಕಿವಿ ಪರೀಕ್ಷೆ ಮಾಡಿಸಿ. ಊಟಕ್ಕೆ ಮೊಬೈಲ್ ಹಿಡಿಸುವುದನ್ನು ಬಿಡಿ, ದಿನದಲ್ಲಿ ಕೂಸಿನ ಮುಖ ನೋಡಿ ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಅಂಗನವಾಡಿ_ಅಕ್ಕ, ಚಿತ್ತಾಪುರ ಕಡಿ

ತೂಕದ ಮಾತು ಯಾರೂ ಹೇಳಲಿಲ್ಲ. ಆರು ತಿಂಗಳ ಹೆಣ್ಣುಕೂಸಿಗೆ ತೂಕದ ನಡುಗೆರಿ, ಅಂದ್ರ ನಡುಮಟ್ಟದ ತೂಕ, 7.3 ಕಿಲೋ, 5.7ರ ಕೆಳಗ ಹೋದ್ರ ಕಡಿಮಿ ತೂಕ. ನಿಮ್ಮದು 6.9, ಕಾರ್ಡಿನ ಹಸರು ಪಟ್ಟ್ಯಾಗೇ ಅದ, ಅಂದ್ರ ಸರಿ ಅದ. ಒಂದು ಸಲದ ತೂಕಕ್ಕಿಂತ ಗೆರಿ ಎತ್ತ ಹೊಂಟದ ಅನ್ನೋದು ನೋಡ್ರಿ. ಒಂಬತ್ತರ ತನ ತಿಂಗಳಿಗೆ ಸುಮಾರು 300 ಗ್ರಾಂ, ಆಮ್ಯಾಲ 200-250 ಏರಬೇಕು. ಪ್ರತಿ ತಿಂಗಳು ಅದೇ ತಕ್ಕಡಿ, ಅಂಗಿ ಬಿಚ್ಚಿ ತೂಗಸ್ರಿ. ಎರಡು ತಿಂಗಳು ಗೆರಿ ಅಡ್ಡ ಆದ್ರ ಮೊದಲು ಊಟದ ಗಟ್ಟಿತನ ನೋಡ್ರಿ.

ತಾಯಿ ಕಾರ್ಡಿನಾಗ ಬರದಿಟ್ಕೋರಿ: ಒಂಬತ್ತು ತುಂಬಿದಾಗ ದಡಾರ-ರುಬೆಲ್ಲಾ ಮೊದಲ ಡೋಸ್, ನ್ಯುಮೋಕಾಕಲ್ ಬೂಸ್ಟರ್, ಪೋಲಿಯೊ ಇಂಜೆಕ್ಷನ್ ಮೂರನೇದು, ಜೋಡಿ ಎ ಜೀವಸತ್ವ 1 ಮಿ.ಲೀ. 16ರಿಂದ 24 ತಿಂಗಳಿಗೆ ದಡಾರ ಎರಡನೇದು, ಡಿಪಿಟಿ ಬೂಸ್ಟರ್. ಕಬ್ಬಿಣದ ಸಿರಪ್ ಆರು ತಿಂಗಳಿಂದ ವಾರಕ್ಕ ಎರಡು ಸಲ 1 ಮಿ.ಲೀ., ಹೊಟ್ಟಿ ತುಂಬಿದ ಮ್ಯಾಲ. ಕಕ್ಕ ಕರ್ರಗ ಆಗ್ತದ, ಅದಕ್ಕ ಹೆದರಿ ನಿಲ್ಲಸಬ್ಯಾಡ್ರಿ. ಜ್ವರ, ಭೇದಿ ಇದ್ದ ದಿನ ಬಿಡ್ರಿ. ಆರ್‌ಬಿಎಸ್‌ಕೆ, ಅಂದ್ರ ಮಕ್ಕಳ ಆರೋಗ್ಯ ತಪಾಸಣಿ ಮಾಡೋ ಸರ್ಕಾರಿ ತಂಡ, ವರ್ಷಕ್ಕ ಎರಡು ಸಲ ಅಂಗನವಾಡಿಗೆ ಬರ್ತದ, ಆ ದಿನ ಕೇಳಿ ಕೂಸಿನ ಕರಕೊಂಡು ಬರ್ರಿ. ಕಣ್ಣಿಗೆ ಕಾಡಗಿ ಬ್ಯಾಡ, ಅದರಾಗ ಸೀಸ ಇರಬಹುದು. ದೃಷ್ಟಿಗೆ ಬೇಕಂದ್ರ ಅಂಗಾಲಿಗೆ ಹಚ್ರಿ, ಕೈ ಬಾಯಿಗೆ ಹೋಗದ ಜಾಗ ನೋಡಿ.

ಕೂಸಿನಮನಿ, ಕಲಬುರಗಿ

ಎಲ್ಲಾರಿಗೂ ಶರಣ್ರಿ. ಕಡೀ ಮಾತು: ಮುಂದಿನ ತಿಂಗಳು ಲಗ್ನಕ್ಕ ಬಸ್ಸಿನಾಗ ಹುಮನಾಬಾದ್ ಹೋಗೋದದ. ದಾರ್ಯಾಗ ಊಟ?

ತೊಗರಿಕಣಜ

ಮನಿಯಿಂದ ಬೆಂದ ಊಟ ಒಯ್ಯಬ್ಯಾಡ್ರಿ, ಹಸಿ ಹಿಟ್ಟೂ ಬ್ಯಾಡ. ಥರ್ಮಾಸ್ ನೀರಿನಾಗ ಹಿಟ್ಟು ಬೇಯಂಗಿಲ್ಲ, ಹೊಟ್ಟಿ ಉಬ್ಬತದ. ಮೊದಲೇ ಬೆಂದದ್ದು ಬೇಕು: ನಾಗರಪಂಚಮಿಗೆ ಮಾಡ್ತೀರಲಾ ಆ ಜ್ವಾಳದ ಅಳ್ಳು (ಅರಳು), ಮತ್ತ ಪುಟಾಣಿ (ಹುರಿಗಡಲಿ). ಅಳ್ಳಿಟ್ಟು ಮಾಡಿದಂಗೇ, ಬೆಲ್ಲ ಮಾತ್ರ ಇಲ್ಲ. ಅಳ್ಳಿನಾಗ ಅರಳದ ಗಟ್ಟಿ ಕಾಳು ಆರಿಸಿ ತಗೀರಿ. ಅಳ್ಳಿನ ಪುಡಿ ಎರಡು ಪಾಲು, ಸಿಪ್ಪಿ ತಗದ ಪುಟಾಣಿ ಪುಡಿ ಒಂದು ಪಾಲು, ಸಣ್ಣ ಜರಡಿಲೆ ಎರಡು ಸಲ ಸಾಣಿಸ್ರಿ, ಸಿಪ್ಪಿ ಉಳದ್ರ ಗಂಟಲಿಗೆ ಹತ್ತತದ. ಶೇಂಗಾ ಪುಡಿ ಇದರಾಗ ಬೆರಸಿ ಇಡಬ್ಯಾಡ್ರಿ, ಸೆಕಿಗೆ ಕನರು ಬರ್ತದ. ಒಣ ಸ್ಟೀಲ್ ಡಬ್ಯಾಗ 10-15 ದಿನ ಇರ್ತದ. ಮೂರು ದೊಡ್ಡ ಚಮಚಕ್ಕ ಕುದಿಸಿ ತುಂಬಿದ ಬಿಸಿನೀರು 80 ಮಿ.ಲೀ. ಸುಮಾರು ಬಿಟ್ಟು, ಐದು ನಿಮಿಷ ಮುಚ್ಚಿಟ್ರ ಹೀರಿ ಗಟ್ಟಿ ಆಗ್ತದ. ಬಾಳಿಹಣ್ಣು ಅಲ್ಲೇ ಸುಲದು ನುರಿದು ಕಲಸ್ರಿ. ಮಗಳಿಗೆ ಆಗ ಏಳು ತಿಂಗಳು ಆಗಿರ್ತದ. ಹೊಂಡೋಕ ಒಂದು ವಾರ ಮೊದಲೇ ಮನ್ಯಾಗ ಎರಡು ಸಲ ತಿನಿಸಿ ನೋಡ್ರಿ, ಹೊಸಾ ರುಚಿ ಬಸ್ಸಿನಾಗ ಸುರು ಮಾಡಬ್ಯಾಡ್ರಿ.